ದೈವಾಧೀನ ಅಂತ ನಾನು ಬರೆಯುವುದಿಲ್ಲ

ನಾಶಿಕ, ಗುರುವಾರ

ಚಿ. ಹೃಷಿಕೇಶ,

ಮೈದುನನಿಗೆ ಕಾಗದ ಬರೆಯುವಾಗ ಮೊದಲು ಚಿರಂಜೀವಿ ಎಂದು ಬರೆಯುವುದು ನಮ್ಮ ಮನೆಯ ಪದ್ಧತಿ, ಬರೆದಿದ್ದೇನೆ. ಅದನ್ನು ಪ್ರೀತಿ ಎಂದು ತಿಳಿದುಕೊಳ್ಳಬೇಡ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹಾಂ ವೈನಿ, ಹಾಂ ವೈನಿ" ಅನ್ನುತ್ತ ಎದುರಿಗಿದ್ದವರ ಜೊತೆ ಕೈಸನ್ನೆಯಲ್ಲಿ ಬೇರೆ ವ್ಯವಹಾರ ನಡೆಸುತ್ತಿರುತ್ತೀ. ಕಾಗದವನ್ನು ಓದಬೇಕಾಗುತ್ತದೆ, ಇಲ್ಲವೇ ಹರಿಯಬೇಕಾಗುತ್ತದೆ. ಹರಿದರೂ ನನಗೆ ಅಡ್ಡಿಯಿಲ್ಲ. ಇದರಲ್ಲಿರುವುದನ್ನು ಸೋಮವಾರ ಎಲ್ಲರೆದುರು ನಾನು ಬಾಯಿಬಿಟ್ಟು ಹೇಳುವವಳೇ ಇದ್ದೇನೆ.

ನಿನ್ನೆ ನೀನು ನನ್ನಿಂದ ಎರಡು ಉಪಕಾರ ಕೇಳಿದೆ. ವಾಳೂಜಿನ ನಿನ್ನ ಫ್ಯಾಕ್ಟರಿಯಲ್ಲಿ ಮಷೀನಿಗೆ ಸಿಕ್ಕಿ ಸತ್ತ ಅಮಸಿದ್ದನ ಶ್ರದ್ಧಾಂಜಲಿ ಸಭೆ ಭಾನುವಾರ. ಅವನ ಊರಿನಿಂದ ನೆಂಟರು ಬರುತ್ತಾರೆ, ಆದ್ದರಿಂದ ಕನ್ನಡ ಸಂಘದ ಹಾಲಿನಲ್ಲಿ ಕಟ್ಟುವ ಫ್ಲೆಕ್ಸಿಗೆ ಚೆಂದದ ಕನ್ನಡದಲ್ಲಿ ನಾಲ್ಕು ಸಾಲು ಬೇಕು. "ದೈವಾಧೀನರಾದರು ಅಂತ ಬರ್ಲಿ ವೈನಿ. ಭಾಳ ಘನವಾಗಿ ಕಾಣ್ತದ" ಅಂದೆ. ಎರಡನೆಯದು, ಸೋಮವಾರ ಸರ್ಕಾರದ ಅಧಿಕಾರಿ ವಿಚಾರಣೆಗೆ ಬಂದಾಗ ನಾನು ಅವನ ಹೆಂಡತಿ ರೇಣವ್ವನ ಪಕ್ಕದಲ್ಲಿ ಕೂಡಬೇಕು. ಅವಳಿಗೆ ಮರಾಠಿ ಬರುವುದಿಲ್ಲ, ಅಧಿಕಾರಿಗೆ ಅವಳ ಕನ್ನಡ ತಿಳಿಯುವುದಿಲ್ಲ. ನಾನು ನಡುವೆ ಕೂತು, ಅಮಸಿದ್ದನಿಗೆ ಮೊದಲೇ ಎದೆನೋವಿತ್ತು, ಕಣ್ಣಿಗೆ ಕತ್ತಲೆ ಬಂದು ಮಷೀನಿನೊಳಗೆ ಬಿದ್ದ, ದೇವರ ಇಚ್ಛೆ, ಯಾರ ಮೇಲೂ ದೂರಿಲ್ಲ ಎಂದು ಅವಳ ಮಾತನ್ನು ಸ್ವಲ್ಪ ಸರಿಪಡಿಸಿ ಮರಾಠಿಯಲ್ಲಿ ದಾಟಿಸಬೇಕು.

ಎರಡಕ್ಕೂ ಉತ್ತರ ಒಂದೇ. ಆಗುವುದಿಲ್ಲ.

ಸಾವಿನ ಸುದ್ದಿ ಬರೆಯುವುದರಲ್ಲಿ ನನಗೊಂದು ಹೆಸರಿದೆ, ನಿನಗೂ ಗೊತ್ತು. ಓಝರ್ ಕ್ವಾರ್ಟರ್ಸಿನಲ್ಲಿದ್ದ ಕಾಲದಿಂದ ಈ ಕಡೆಯ ಕನ್ನಡದವರ ಮನೆಯಲ್ಲಿ ಯಾರು ಹೋದರೂ ಮೊದಲು ಹೂವಿನವನಿಗೆ ಹೇಳಿಕಳಿಸುತ್ತಾರೆ, ಆಮೇಲೆ ನನಗೆ. ಯಾರಿಗೆ ಯಾವ ಮಾತು ಎಂಬುದು ನನಗೆ ಬಾಯಿಪಾಠ. ನಮ್ಮ ಆಚಾರ್ಯರ ಮನೆಯವರು ವೈಕುಂಠವಾಸಿಗಳಾಗುತ್ತಾರೆ. ಲಿಂಗಾಯತರು ಲಿಂಗೈಕ್ಯರಾಗುತ್ತಾರೆ. ದೊಡ್ಡ ಹುದ್ದೆಯಿಂದ ನಿವೃತ್ತರಾದವರು ವಿಧಿವಶರಾಗುತ್ತಾರೆ. ಪರಿಚಯ ಅಷ್ಟಕ್ಕಷ್ಟೇ ಇದ್ದವರು ತೀರಿಕೊಳ್ಳುತ್ತಾರೆ. ಇನ್ನು ಕಟ್ಟಡದ ಮೇಲಿಂದ ಬಿದ್ದ ನಮ್ಮ ಕಡೆಯ ಗೌಂಡಿ ಮಾತ್ರ ಬರೀ ಸಾಯುತ್ತಾನೆ. ಅವನಿಗೆ ನಾಲ್ಕು ಸಾಲು ಬರೆದುಕೊಡಿ ಎಂದು ಇಷ್ಟು ವರ್ಷಗಳಲ್ಲಿ ಒಬ್ಬರೂ ನನ್ನ ಬಾಗಿಲಿಗೆ ಬಂದಿಲ್ಲ.

ಹಾಗಿರುವಾಗ ಅಮಸಿದ್ದನಿಗೆ ಒಮ್ಮೆಲೇ ಇಷ್ಟು ಮರ್ಯಾದೆ ಯಾಕಪ್ಪಾ? ಬದುಕಿದ್ದಾಗ ಅವನ ಹೆಸರು ಹಿಡಿದು ಕರೆಯುವ ಕಷ್ಟವೂ ನಿನಗೆ ಬೇಡವಾಗಿತ್ತು. ಇಂಡಿ ತಾಲೂಕಿನವನು ಎಂದು "ಏ ಇಂಡಿ" ಅನ್ನುತ್ತಿದ್ದೆ. ನಾಯಿಗಾದರೂ ನಿಮ್ಮ ಮನೆಯಲ್ಲಿ ಒಂದು ಹೆಸರಿದೆ. ಆ 'ಏ ಇಂಡಿ' ಇವತ್ತು 'ಅವರು' ಆಗಿದ್ದಾನೆ, ದೈವಾಧೀನರಾಗಿದ್ದಾನೆ. ಯಾವ ಭಾಷೆಯ ಮೇಲೂ ನಿನಗೆ ಇಷ್ಟು ಪ್ರೀತಿ ಉಕ್ಕಿದ್ದನ್ನು ನಾನು ನೋಡಿರಲಿಲ್ಲ. ಸ್ವಂತ ಮಗಳು ಭಾರ್ಗವಿಗೆ ನೆಟ್ಟಗೆ ನಾಲ್ಕು ಮಾತು ಕನ್ನಡ ಕಲಿಸದವನಿಗೆ ಈಗ ಘನವಾದ ಕನ್ನಡ ಬೇಕಾಗಿದೆ.

ಸಾವಿನ ಸುದ್ದಿ ತಿಳಿದು ಮಂಗಳವಾರ ನಾನು ವಾಳೂಜಿಗೆ ಬಂದಿದ್ದೆ. ನಿನಗೆ ಹೇಳಿರಲಿಲ್ಲ. ಯೇವಲಾ ದಾರಿಯ ಬಸ್ಸು ಹಿಡಿದು ಬಂದು ಮೊದಲು ನಿನ್ನ ಫ್ಯಾಕ್ಟರಿಯ ಗೇಟಿಗೆ ಹೋದೆ. ಅಲ್ಲಿ ನಿನ್ನ ಮರಾಠಿ ಫ್ಲೆಕ್ಸು ಆಗಲೇ ತೂಗಾಡುತ್ತಿತ್ತು. ಮೂಲೆಯಲ್ಲಿ ಅಮಸಿದ್ದನ ಫೋಟೊ. ಗೇಟ್‌ಪಾಸಿನದ್ದನ್ನೇ ಹಿಗ್ಗಿಸಿದ್ದೀರಿ, ಪಾಪ, ಅದರಲ್ಲಿ ಅವನು ಕಣ್ಣು ಅರ್ಧ ಮುಚ್ಚಿದ್ದಾನೆ. ಕೆಳಗೆ 'ದೇವಾಜ್ಞಾ ಝಾಲಿ' ಎಂಬ ಸಾಲು. ಅದರ ಕೆಳಗೆ ಶೋಕಾಕುಲ ಎಂದು ನೀನು, ಕರಿ ಕನ್ನಡಕ ಹಾಕಿಕೊಂಡು, ಎದೆಯ ಮೇಲೆ ಕೈಕಟ್ಟಿಕೊಂಡು. ಸತ್ತವನಿಗಿಂತ ನಿನ್ನ ಮುಖ ದೊಡ್ಡದು. ದಾರಿಹೋಕರು ನೋಡಿದರೆ ಚುನಾವಣೆಗೆ ನಿಂತಿದ್ದೀಯೋ ಏನೋ ಅಂದುಕೊಳ್ಳಬೇಕು.

ದೇವಾಜ್ಞಾ. ನಮ್ಮ ನಾಶಿಕದಲ್ಲೂ ವಾಳೂಜಿನ ಮಗ್ಗುಲಿನ ಸಂಭಾಜಿನಗರದಲ್ಲೂ ಈ ಮಾತು ದಿನಕ್ಕೊಂದು ಗಲ್ಲಿಯಲ್ಲಿ ಕಾಣುತ್ತದೆ. ದೇವರ ಆಜ್ಞೆಯಾಯಿತು, ಹೊರಟರು. ಮಕ್ಕಳು ಮೊಮ್ಮಕ್ಕಳನ್ನು ಕಂಡು ಹಾಸಿಗೆಯಲ್ಲಿ ಕಣ್ಣು ಮುಚ್ಚಿದ ಮುದುಕರ ಹೆಸರಿನ ಕೆಳಗೆ ಅದನ್ನು ಓದಿದಾಗ ನನಗೂ ಸಮಾಧಾನ ಅನ್ನಿಸಿದೆ. ನಾನು ಇಂಥ ಮಾತುಗಳ ವೈರಿಯಲ್ಲ. ಸತ್ತ ಎಂಬ ಮಾತು ನಾಲಿಗೆಗೆ ಕಹಿ, ಅದನ್ನು ಹಾಗೇ ಉಗುಳಲು ಯಾರಿಗೂ ಮನಸ್ಸು ಬರುವುದಿಲ್ಲ. ನಿಮ್ಮವ್ವ ದೀಪ ಆರಿಸು ಅನ್ನುತ್ತಿರಲಿಲ್ಲ, "ದೀಪ ದೊಡ್ಡದು ಮಾಡವಾ" ಅನ್ನುತ್ತಿದ್ದರು. ನಮ್ಮ ಮಗ್ಗುಲಿನ ಮರಾಠಿ ಹೆಂಗಸರು ಬಳೆ ಒಡೆದರೆ ಒಡೆಯಿತು ಅನ್ನುವುದಿಲ್ಲ, ಬೆಳೆಯಿತು ಅನ್ನುತ್ತಾರೆ. ಇವೆಲ್ಲ ಮನುಷ್ಯರು ಅಂಜಿಕೆಯಿಂದ, ಮಮತೆಯಿಂದ ಮಾಡಿಕೊಂಡ ಮಾತುಗಳು.

ನಿಮ್ಮಪ್ಪ ಹೋದಾಗ ನೀನು ಇನ್ನೂ ಸಾಲೆಗೆ ಹೋಗುತ್ತಿರಲಿಲ್ಲ. ನಿಮ್ಮವ್ವ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು "ಅಪ್ಪ ದೇವರ ಊರಿಗೆ ಹೋಗ್ಯಾನಪಾ" ಅಂದರು. "ಯಾವ ಬಸ್ಸಿಗೆ ಹೋದಾ?" ಅಂದೆ ನೀನು. ನಾನು ಆಗ ಹೊಸ ಸೊಸೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದೆ. ಅದೂ ಸುಳ್ಳೇ. ಆದರೆ ಆ ಸುಳ್ಳು ನಿನ್ನನ್ನು ಕಾಯಲಿಕ್ಕೆ ಹೇಳಿದ್ದು. ನಿಮ್ಮವ್ವ ಅದರ ಹಿಂದೆ ತಾವು ಅಡಗಿ ಕೂತಿರಲಿಲ್ಲ.

ಗೇಟಿನಿಂದ ಅಲ್ಲೇ ಹತ್ತಿರದ ರಾಂಜಣಗಾವಿನಲ್ಲಿರುವ ರೇಣವ್ವನ ಖೋಲಿಗೆ ಹೋದೆ. ಅವಳು ನನಗೆ ಹೊಸಬಳಲ್ಲ. ನಾಶಿಕದಲ್ಲಿ ನಮ್ಮ ಕಟ್ಟಡದ ಪಕ್ಕ ದೊಡ್ಡ ಕಟ್ಟಡ ಏಳುತ್ತಿದ್ದಾಗ ಗಂಡ ಹೆಂಡತಿ ಇಬ್ಬರೂ ಅಲ್ಲಿ ಇಟ್ಟಿಗೆ ಹೊರುತ್ತಿದ್ದರು, ಕುಡಿಯುವ ನೀರಿಗೆ ನಮ್ಮ ಮನೆಗೆ ಬರುತ್ತಿದ್ದರು. ಬೇಸಿಗೆಯಲ್ಲಿ ಒಂದು ದಿನ ಅಮಸಿದ್ದ ಕೊಡ ಕೆಳಗಿಟ್ಟು, "ಬಾಯಾರ, ನೆಳ್ಳಾಗಿನ ಕೆಲಸ ಎಲ್ಯಾರ ಇದ್ರ ನೋಡ್ರಿ. ಬಿಸಲಾಗ ತಲಿ ಸುಟ್ಟು ಹೊಂಟೇತಿ" ಅಂದ. ನಾನು ನಿನಗೆ ಹೇಳಿದೆ, ನೀನು ದಸರೆ ಮುಗಿದ ಮೇಲೆ ಕಳಿಸಿರಿ ಅಂದೆ. ನಿನ್ನೆ ಫೋನಿನಲ್ಲಿ ನೀನು ಮೆತ್ತಗೆ "ನೀವೇ ಕಳಿಸಿದವ್ರಲ್ರಿ ವೈನಿ" ಅಂದದ್ದು ಕೇಳಿಸಿತು. ಆ ದಾರಿ ಹಿಡಿಯಬೇಡ. ನಾನು ಕಳಿಸಿದ್ದು ನೆರಳಿನ ಕೆಲಸಕ್ಕೆ. ನಿನ್ನ ಪಾಪದಲ್ಲಿ ನನಗೆ ಪಾಲು ಹಂಚಲು ಬಂದರೆ ನಾನು ತೆಗೆದುಕೊಳ್ಳುವವಳಲ್ಲ.

ಖೋಲಿಯಲ್ಲಿ ರೇಣವ್ವ ಗೋಡೆಗೆ ಒರಗಿ ಕೂತಿದ್ದಳು. ಅಮಸಿದ್ದನ ಜೊತೆಗೆ ಪಕ್ಕದ ಮಷೀನಿನಲ್ಲಿ ಕೆಲಸ ಮಾಡುವ ಮಹಿಬೂಬ ಹೊಸ್ತಿಲ ಹೊರಗೆ ಕುಕ್ಕರಗಾಲಿನಲ್ಲಿ ಕೂತಿದ್ದ. ಒಳಗೆ ಹೋದವಳಿಗೆ ಮೊದಲು ಕಂಡದ್ದು ದೇವರ ಹಲಗೆ. ಗಂಡನ ಹೆಸರಿನ ದೇವರೇ ಅವರ ಮನೆದೇವರು. ಆ ದೇವರ ಫೋಟೊವನ್ನು ಅವಳು ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಿಸಿದ್ದಳು. ಫೋಟೊದ ಬೆನ್ನಿನ ಕಾಗದ, ಮೊಳೆ ಮಾತ್ರ ಕಾಣುತ್ತಿದ್ದವು.

ಯಾಕೆ ಹೀಗೆ ಎಂದು ಕೇಳಿದೆ. "ಸಾಹೇಬ್ರು ಬಂದಿದ್ರಿ" ಅಂದಳು. ಸಾಹೇಬ್ರು ಅಂದರೆ ನೀನು. "ದೇವ್ರು ಕರಕೊಂಡಾನವಾ, ಅವನ ಆಜ್ಞಾದ ಮುಂದ ನಮ್ಮದೇನು ನಡೀತದ ಅಂದ್ರು. ಕರಕೊಳ್ಳಾಂವ ಹಂಗ ಕರಕೋತಾನೇನ್ರಿ ಬಾಯಾರ? ಕೈಯಾಗಿನ ಗ್ಲೋಜ್ ಸುದ್ದೆ ತಗ್ಯಾಕ ಬಿಡದಂಗ? ನಾ ಅವಗೇನ ಕಡಿಮಿ ಮಾಡಿದ್ನಿ? ಸ್ವಾಮಾರಕ್ಕೊಮ್ಮೆ ಒಪ್ಪತ್ತು ಹಿಡದೀನಿ. ಇನ್ನ ಅವನ ಮಾರಿ ನಾ ನೋಡಂಗಿಲ್ರಿ."

ಹೇಳುತ್ತ ಹೇಳುತ್ತ ಸೆರಗಿನ ಗಂಟು ಬಿಚ್ಚಿ ನನ್ನ ಮುಂದೆ ಒಂದು ತಂತಿ ಇಟ್ಟಳು. ಬೆರಳಿಗೆ ಸುತ್ತಿದಂತೆ ಸುರುಳಿಯಾಗಿದ್ದ ಬೈಂಡಿಂಗ್ ತಂತಿಯ ತುಂಡು. ಮೈತುಂಬ ಭಂಡಾರ ಮೆತ್ತಿಕೊಂಡು ಹಳದಿಯಾಗಿತ್ತು, ಅಲ್ಲಲ್ಲಿ ಕುಂಕುಮದ ಕಲೆ. "ಮಷಿನಿಗೆ ಕಟ್ಟಿದ ರಕ್ಷಾರಿ ಇದು. ದಿನಾ ಕೆಲಸ ಚಾಲೂ ಮಾಡೂಕಿಂತ ಮದಲ ಇದಕ್ಕ ಭಂಡಾರ ಹಚ್ಚಿ ಕೈ ಮುಗದ ಹೊಕ್ಕಿದ್ದ. ಇದು ಇದ್ದೂ ಹಿಂಗ ಯಾಕಾತ್ರಿ?" ಅಂದಳು.

ಹೊಸ್ತಿಲಲ್ಲಿದ್ದ ಮಹಿಬೂಬ ತಲೆ ತಗ್ಗಿಸಿದ. ಅವನು ಅವಳಿಗೆ ನಿಜ ಹೇಳಿರಲಿಲ್ಲ. ಅಪಘಾತವಾದ ಮರುಗಳಿಗೆಯಲ್ಲೇ ನಿನ್ನ ಸೂಪರ್‌ವೈಸರ್ ತಂತಿ ಕತ್ತರಿಸಿ ಭಂಗಾರಿಗೆ, ಗುಜರಿ ಸಾಮಾನಿನ ರಾಶಿಗೆ, ಎಸೆಯಲು ಅವನಿಗೇ ಹೇಳಿದನಂತೆ. ಗೆಳೆಯ ದಿನವೂ ಕೈಮುಗಿದ ವಸ್ತು ಎಂದು ಎಸೆಯಲು ಮನಸ್ಸಾಗದೆ ಅವನು ಅದನ್ನು ಜೇಬಿಗೆ ಹಾಕಿಕೊಂಡು ಬಂದು ಅವಳಿಗೆ ಕೊಟ್ಟಿದ್ದ. ನಾನು ಅವನನ್ನು ಅಂಗಳಕ್ಕೆ ಕರೆದು ಕೇಳಿದೆ. ಎಲ್ಲವನ್ನೂ ಹೇಳಿದ.

ನಿನ್ನ ಮಷೀನಿನ ಬಗ್ಗೆ ನಿನಗೇ ಹೇಳುವುದು ಹಾಸ್ಯ, ಆದರೂ ನಾನು ತಿಳಿದುಕೊಂಡದ್ದು ಸರಿಯೋ ನೋಡು. ಅಲ್ಯುಮಿನಿಯಂ ಕರಗಿಸಿ ಅಚ್ಚಿಗೆ ಹೊಯ್ಯುವ ಮಷೀನು. ಅಚ್ಚಿಗೆ ಎರಡು ಹೋಳು, ಒಂದರ ಮೇಲೆ ಒಂದು ಬಂದು ಬಡಿಯುತ್ತವೆ. ಮುಂದೆ ಒಂದು ಸರಿಸುವ ಬಾಗಿಲು. ಬಾಗಿಲು ಹಾಕಿದರೆ ಅದು ಹೋಗಿ ಒಂದು ಸ್ವಿಚ್ಚನ್ನು ಒತ್ತುತ್ತದೆ, ಆಗ ಮಾತ್ರ ಅಚ್ಚು ಮುಚ್ಚುತ್ತದೆ. ಬಾಗಿಲು ತೆರೆದು ಮನುಷ್ಯ ಒಳಗೆ ಕೈಹಾಕಿದ್ದರೆ ಮಷೀನು ಅಲ್ಲಾಡುವುದಿಲ್ಲ. ಮಾಡಿದವರು ಪುಣ್ಯವಂತರು, ಹಾಗೆ ಮಾಡಿದ್ದರು. ನೀನು ಆ ಸ್ವಿಚ್ಚನ್ನು ತಂತಿಯಿಂದ ಒತ್ತಿ ಕಟ್ಟಿಸಿದೆ. ಬಾಗಿಲು ತೆರೆದೇ ಇದ್ದರೂ ಮಷೀನಿಗೆ ಅದು ಹಾಕಿದಂತೆ. "ಪೀಸ್ ಪೀಸಿಗೂ ಬಾಗಲಾ ಸರಸ್ಕೋತ ಕುಂತ್ರ ಮಾಲ್ ಹೊರಗ ಬೀಳಂಗಿಲ್ಲ ಅಂತ ಸಾಹೇಬ್ರ ಕಟ್ಟಸ್ಯಾರ್ರಿ" ಅಂದ ಮಹಿಬೂಬ. "ಆವತ್ತ ಪೀಸ್ ಒಳಗ ಸಿಕ್ಕಿತ್ರಿ. ತಗ್ಯಾಕ ಬಗ್ಗಿದಾ. ನಾ ಒದರೂದರೊಳಗ ಮುಚ್ಚೇಬಿಡ್ತ್ರಿ." ಅಮಸಿದ್ದನಿಗೆ ಎದೆನೋವಿತ್ತು ಎಂದು ನಿನ್ನ ಗೇಟಿನವರು ಹೇಳಿದ್ದರು, ಹೌದೇ ಎಂದು ಕೇಳಿದೆ. "ಎದಿನೋವು ಈಗ ನನಗ ಅದರಿ" ಅಂದ.

ಆಗ ನನಗೆ ಹೋದ ದೀಪಾವಳಿಯ ಊಟ ನೆನಪಾಯಿತು. ನಿನಗೂ ನೆನಪಿರಬೇಕು. ನಿನ್ನ ಮನೆಯಲ್ಲಿ ಹೋಳಿಗೆ ಊಟ, ನಾನು ತುಪ್ಪ ಬಡಿಸುತ್ತಿದ್ದೆ. ನೀನು ನಗುತ್ತ ನಗುತ್ತ ಕತೆ ಹೇಳಿದೆ. ಖಂಡೇನವಮಿಯ ದಿನ ಫ್ಯಾಕ್ಟರಿಯ ಮಷೀನುಗಳಿಗೆಲ್ಲ ಝೆಂಡು ಹೂವಿನ ಮಾಲೆ ಹಾಕಿ ಪೂಜೆ ಮಾಡಿಸಿದ್ದೆ, ಅರಿಶಿನ ಕುಂಕುಮ ಒಂದು ತಂತಿಯ ಮೇಲೂ ಬಿದ್ದಿತ್ತು. ದಸರೆ ಮುಗಿದ ಮೇಲೆ ಸೇರಿಕೊಂಡ ಅಮಸಿದ್ದ ಅದನ್ನು ಪೂಜೆಯಲ್ಲಿ ಕಟ್ಟಿದ ರಕ್ಷೆ ಎಂದೇ ತಿಳಿದಿದ್ದ. "ಆ ಇಂಡಿ ಹುಚ್ಚ ದಿನಾ ಅದಕ್ಕ ಭಂಡಾರ ಹಚ್ಚಿ ನಮಸ್ಕಾರ ಮಾಡತಾನ್ರಿ ವೈನಿ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ತಂತಿ ಅಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ಮಾತ್ರ ನೀನು ಹೇಳಲಿಲ್ಲ. ಭಾರ್ಗವಿ ಒಬ್ಬಳೇ ನಗಲಿಲ್ಲ. "ಬಾಬಾ, ಮಗ ತೂ ತ್ಯಾಲಾ ಸಾಂಗಿತಲಂ ನಾಹೀಸ್ ಕಾ?" ಎಂದು ಕೇಳಿದಳು, ಹಾಗಾದರೆ ನೀನು ಅವನಿಗೆ ಹೇಳಲಿಲ್ಲವೇ ಎಂದು. ನೀನು ಹೋಳಿಗೆ ಮುರಿಯುತ್ತ ಹೇಳಿದೆ, "ಹೇಳಿ ಏನ್ಮಾಡೂದದ? ಅವಗೂ ಸಮಾಧಾನ, ನನಗೂ ಸಮಾಧಾನ."

ಹೃಷಿಕೇಶ, ಈ ಮಾತನ್ನು ಮಂಗಳವಾರದಿಂದ ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದೇನೆ. ಅವನು ಮೂರ್ಖನೆಂದು ನೀನು ನಕ್ಕೆ. ಅವನು ನಂಬಿದ್ದು ನಿನ್ನನ್ನು. ಧಣಿ ಪೂಜೆ ಮಾಡಿಸಿ ಕಟ್ಟಿಸಿದ್ದು ಒಳ್ಳೆಯದಕ್ಕೇ ಇರಬೇಕು ಎಂದು ನಂಬಿದ್ದ. ಕೊಲ್ಲುವ ತಂತಿಗೆ ಅವನು ಕೈಮುಗಿಯುವುದನ್ನು ನೋಡುತ್ತ, ಅದು ಕಾಯುವ ತಂತಿಯಲ್ಲ ಎಂದು ಗೊತ್ತಿದ್ದೂ, ನೀನು ಬಾಯಿ ಮುಚ್ಚಿಕೊಂಡು ಲೆಕ್ಕ ಹಾಕಿದೆ. ಹೇಳಿದರೆ ಬಾಗಿಲು ಹಾಕಿಕೊಂಡು ಕೆಲಸ ಮಾಡಿಯಾನು, ಮಾಲು ಕಡಿಮೆಯಾದೀತು. ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳಲು ಎದುರಿಗೆ ಒಬ್ಬ ಮನುಷ್ಯ ಬೇಕು. ನಿನ್ನ ಹೆಸರು ಕೇಳಿದರೆ ಈಗ ನನಗೆ ಬರುವುದು ಬರೀ ಹೇಸಿಗೆ.

ನೀನು ಬೆಳೆದದ್ದು ಯಾರ ಅನ್ನ ಉಂಡು ಎಂದಾದರೂ ನೆನಪಿದೆಯೇ? ನಿಮ್ಮಣ್ಣ ತ್ಯಾಗರಾಜರು ಓಝರಿನಲ್ಲಿ ವಿಮಾನಕ್ಕೆ ಕೈಹಚ್ಚುವ ಕೆಲಸದಲ್ಲಿದ್ದರು. ಅಲ್ಲಿ ಕೆಲಸ ಮುಗಿದ ಮೇಲೆ ಪ್ರತಿ ಹತ್ಯಾರವೂ ಹಲಗೆಯ ಮೇಲೆ ಅದರದರ ಗುರುತಿನಲ್ಲಿ ಮರಳಿ ಕೂಡಬೇಕು, ಇಲ್ಲವಾದರೆ ವಿಮಾನ ಏಳುವಂತಿಲ್ಲ. ಒಮ್ಮೆ ಒಂದು ಸಣ್ಣ ಸ್ಕ್ರೂಡ್ರೈವರ್ ಕಾಣಲಿಲ್ಲ ಎಂದು ಇವರು ಮೇಲಿನವರ ಬೈಗುಳ ತಿನ್ನುತ್ತ ವಿಮಾನವನ್ನು ನಿಲ್ಲಿಸಿಯೇ ಇಟ್ಟರು. ಕೊನೆಗೆ ಅದು ಇವರದೇ ಊಟದ ಡಬ್ಬಿಯ ಚೀಲದಲ್ಲಿ ಸಿಕ್ಕಿತು. ಎಲ್ಲರೂ ನಕ್ಕರು, ಇವರೂ ನಕ್ಕರು. ನೀನು ಆಗ ಕಾಲೇಜಿನ ಹುಡುಗ, "ಅಷ್ಟಕ್ಕ ಇಷ್ಟ್ಯಾಕ ರಾದ್ಧಾಂತ ಅಣ್ಣಾ?" ಎಂದು ಕೇಳಿದ್ದೆ. "ಅದರಾಗ ಕೂಡಾಂವ ಯಾರ ಮಗಾನೋ ಏನೋ" ಅಂದಿದ್ದರು ಅವರು. ಅದೇ ಮನೆಯಲ್ಲಿ, ಅದೇ ತಾಟಿನಲ್ಲಿ ಉಂಡು ನೀನು ಹೇಗೆ ಹೀಗಾದೆ ಎಂಬುದು ನನಗೆ ತಿಳಿಯುತ್ತಿಲ್ಲ. ಅವರು ಈಗ ಇಲ್ಲ. ಹೃದಯ ನಿಂತು ಹೋದರು. ಅವರ ಸುದ್ದಿ ಬರೆಯುವಾಗ ನಾನು ದೈವಾಧೀನ ಎಂದೇ ಬರೆದೆ, ಆ ಮಾತಿನ ಮೇಲೆ ನನಗೆ ಸಂಶಯವಿರಲಿಲ್ಲ. ಇವತ್ತು ನೀನು ಅದೇ ಮಾತನ್ನು ನಿನ್ನ ತಂತಿಯ ಮೇಲೆ ಹೊದಿಸು ಅನ್ನುತ್ತೀ.

ದೈವದ ಅಧೀನ ಅಂತೆ. ಅಮಸಿದ್ದ ಬೆಳಗಿನಿಂದ ಸಂಜೆಯವರೆಗೆ ನಿನ್ನ ಅಧೀನದಲ್ಲಿದ್ದ. ನೀನು ಹೇಳಿದಾಗ ಬಂದ, ಬಿಟ್ಟಾಗ ಹೋದ, ನೀನು ತೆರೆದಿಟ್ಟ ಬಾಗಿಲೊಳಗೆ ಬಗ್ಗಿದ. ಆಜ್ಞೆ ಯಾರದ್ದು ಎಂದು ಸೂಪರ್‌ವೈಸರನಿಗೂ ಗೊತ್ತು, ಮಹಿಬೂಬನಿಗೂ ಗೊತ್ತು. ಸಾಯುವವರೆಗೆ ನಿನ್ನ ಆಳು, ಸತ್ತ ಮೇಲೆ ದೇವರ ಜವಾಬ್ದಾರಿ, ಅಲ್ಲವೇ? ದೇವರು ತಿರುಗಿ ಮಾತಾಡುವುದಿಲ್ಲ, ವಕೀಲರನ್ನು ಇಡುವುದಿಲ್ಲ, ನಿನ್ನಂಥವರಿಗೆ ಅವನಷ್ಟು ಅನುಕೂಲದ ಪಾಲುದಾರ ಇನ್ನೊಬ್ಬ ಸಿಗಲಾರ.

ಆದ್ದರಿಂದ ಭಾನುವಾರದ ಫ್ಲೆಕ್ಸಿಗೆ ನನ್ನಿಂದ ಒಂದೇ ಸಾಲು ಬರುತ್ತದೆ. ಬಾಗಿಲಿನ ಸ್ವಿಚ್ಚು ಕಟ್ಟಿದ ಮಷೀನಿನಲ್ಲಿ ಸಿಕ್ಕಿ ಅಮಸಿದ್ದ ಸತ್ತ. ಘನವಾಗಿ ಕಾಣದಿದ್ದರೆ ಹಾಕಿಸಬೇಡ. ಸೋಮವಾರ ನಾನು ರೇಣವ್ವನ ಪಕ್ಕ ಕೂಡುತ್ತೇನೆ, ನೀನು ಕೇಳಿದ ಹಾಗೆಯೇ. ಅವಳ ಬಾಯಿಂದ ಬಂದದ್ದು ಬಂದ ಹಾಗೆ ಮರಾಠಿಯಲ್ಲಿ ಹೋಗುತ್ತದೆ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮಹಿಬೂಬ ಮಾತಾಡುತ್ತಾನೋ ಇಲ್ಲವೋ ನಾನು ಹೇಳಲಾರೆ. ಅವನಿಗೆ ಕೆಲಸದ ಅಂಜಿಕೆ ಇದೆ, ಅವನನ್ನು ನಾನು ಒತ್ತಾಯ ಮಾಡಿಲ್ಲ. ಅಪಘಾತದ ಮರುದಿನವೇ ಹೊಸ ಸ್ವಿಚ್ಚು ಹಾಕಿಸಿದ್ದೀ ಎಂದು ಕೇಳಿದ್ದೇನೆ. ಹಳೆಯ ತಂತಿ ಭಂಗಾರಿಗೆ ಹೋಯಿತು ಎಂದು ನೀನು ನೆಮ್ಮದಿಯಾಗಿದ್ದರೆ, ಅದು ರೇಣವ್ವನ ಸೆರಗಿನಲ್ಲಿದೆ, ಸೋಮವಾರ ಮೇಜಿನ ಮೇಲಿರುತ್ತದೆ.

ಕೊನೆಗೆ ಒಂದು ಮಾತು. ಅದನ್ನು ಹೇಳಲಿಕ್ಕೇ ಇಷ್ಟು ಉದ್ದ ಬರೆದೆ.

ಅಂಗಳದಿಂದ ಒಳಗೆ ಬಂದ ಮೇಲೆ, ಆ ತಂತಿ ರಕ್ಷೆಯಲ್ಲ ಎಂದು ರೇಣವ್ವನಿಗೆ ನಾನೇ ಹೇಳಬೇಕಾಯಿತು. ಯಾವ ಚೆಂದದ ಮಾತೂ ನನಗೆ ಒದಗಲಿಲ್ಲ. ಖೋಲಿಯ ಕದವನ್ನೇ ಮುಂದೆ ಹಿಂದೆ ಮಾಡಿ ತೋರಿಸಿ, ಬಾಗಿಲು ಏನು, ಸ್ವಿಚ್ಚು ಏನು, ತಂತಿ ಏನು ಮಾಡುತ್ತಿತ್ತು, ಯಾರು ಕಟ್ಟಿಸಿದ್ದರು, ಎಲ್ಲವನ್ನೂ ಹೇಳಿದೆ. ಚೀರುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ನಿನಗೆ ಹಿಡಿಶಾಪ ಹಾಕುತ್ತಾಳೆ ಎಂದು ಅಂಜಿಕೊಂಡಿದ್ದೆ. ಅವಳು ಕೇಳಿ ಮುಗಿದ ಮೇಲೆ ತಂತಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಎದ್ದು, ಕೈ ತೊಳೆದು ಬಂದು, ದೇವರ ಹಲಗೆಯ ಮುಂದೆ ನಿಂತಳು. ಫೋಟೊವನ್ನು ಎರಡೂ ಕೈಯಿಂದ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ಸೆರಗಿನಿಂದ ಗಾಜು ಒರೆಸಿದಳು.

"ಹಂಗಾರ ಇವಂದೇನೂ ತಪ್ಪಿಲ್ರಿ ಬಾಯಾರ" ಅಂದಳು. "ನಾ ಸುಮ್ಮಸುಮ್ಮನ ಬೈದ್ನಿ." ಆಮೇಲೆ ಅತ್ತಳು. ಗಂಡ ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲಂತೆ, ಮಹಿಬೂಬ ಹೇಳಿದ.

ನೀನು ಅವಳ ಗಂಡನನ್ನು ತೆಗೆದುಕೊಂಡೆ. ಅಳುವುದಕ್ಕೆ ಅವಳಿಗೆ ಉಳಿದಿದ್ದ ಒಂದು ಮಡಿಲನ್ನೂ, ನಿನ್ನ ಚರ್ಮ ಉಳಿಸಿಕೊಳ್ಳಲು ಎರಡು ಚೆಂದದ ಮಾತಾಡಿ, ಕಸಿದುಕೊಂಡಿದ್ದೆ. ಎರಡನೆಯದನ್ನು ಮಂಗಳವಾರ ಅವಳು ಮರಳಿ ಪಡೆದಳು. ಮೊದಲನೆಯದಕ್ಕೆ ಸೋಮವಾರ ನೀನು ಜವಾಬು ಕೊಡಬೇಕು.

ಕಾಗದದ ತುದಿಯಲ್ಲಿ ಹಿರಿಯರು ಹರಸಬೇಕು, ಹರಸುತ್ತೇನೆ. ನಿನಗೆ ಗಟ್ಟಿ ಆರೋಗ್ಯವಿರಲಿ, ದೊಡ್ಡ ಆಯುಷ್ಯವಿರಲಿ. ಅಮಸಿದ್ದನ ಸಾವಿಗೆ ಉತ್ತರ ಕೊಡುವ ಮೊದಲು ನೀನು ದೈವಾಧೀನನಾಗುವುದು ನನಗೆ ಬೇಡ.

ನಿನ್ನ ಅಣ್ಣನ ಹೆಂಡತಿ,
ಅನಸೂಯ